ಬಿಡುಗಡೆ ಆದದ್ದು ಯಾರಿಗೆ?

ಕಳೆದ ಮಳೆಗಾಲದಲ್ಲಿ ಕೆಲಗೇರಿಯ ನಮ್ಮ ಓಣಿಯೊಳಗೆ ಹದಿನೈದು ದಿನಗಳ ಅಂತರದಲ್ಲಿ ಎರಡು ಸಾವುಗಳಾದವು. ಮೊದಲು ಹೋದವರು ದಿನಾ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ 38 ವರ್ಷದ ಗೃಹಸ್ಥರು. ಎದೆನೋವು. ಅವರ ಮನೆ ಮುಂದೆ ಕುರ್ಚಿ ಹಾಕಿಕೊಂಡು ಕುಳಿತ ಮಂದಿ ರಾತ್ರಿ ಹನ್ನೊಂದರವರೆಗೂ ಮಾತಾಡಿದ್ದು ಒಂದೇ: ನೋವು ಶುರುವಾದದ್ದು ಎಷ್ಟು ಗಂಟೆಗೆ, ಇಸಿಜಿ ತೆಗೆದರೋ ಇಲ್ಲವೋ, ಗ್ಯಾಸು ಅಂತ ಹೇಳಿ ಮನೆಗೆ ಕಳಿಸಿದ ಡಾಕ್ಟರ್ ಯಾರು. ಎರಡನೆಯವನಿಗೆ 36. ಅವನನ್ನು ಓಣಿ ಕೊನೆಯವರೆಗೂ 'ಹುಡುಗ' ಎಂದೇ ಕರೆಯಿತು, ಯಾಕೆಂದರೆ ಅವನಿಗೆ ಬೌದ್ಧಿಕ ವೈಕಲ್ಯವಿತ್ತು. ನಾಲ್ಕು ದಿನ ಜ್ವರ, ಕೆಮ್ಮು. ಐದನೇ ದಿನ ಇಲ್ಲ. ಅವನ ಮನೆ ಮುಂದೆಯೂ ಅವೇ ಕುರ್ಚಿಗಳು, ಅದೇ ಮಂದಿ. ಆದರೆ ಎಕ್ಸ್‌ರೇ, ಡಾಕ್ಟರ್, ಗಂಟೆ, ಯಾವುದೂ ಮಾತಿಗೆ ಬರಲಿಲ್ಲ. ಬಂದದ್ದು ಒಂದೇ ವಾಕ್ಯ. "ಪಾಪ, ಬಿಡುಗಡಿ ಆತ್ ಬಿಡ್ರಿ. ಅವಂಗೂ, ಅವರವ್ವಗೂ."

ಈ ಲೇಖನ ಆ ವಾಕ್ಯದ ವಿರುದ್ಧ.

ಹೇಳಿದವರು ಕೆಟ್ಟವರಲ್ಲ. ಅವರಲ್ಲಿ ಇಬ್ಬರು ಆ ತಾಯಿಗೆ ಮೂರು ದಿನ ಊಟ ತಂದುಕೊಟ್ಟರು. ಆದರೆ ಒಳ್ಳೆಯವರ ಬಾಯಲ್ಲಿ ಬಂದರೂ ಆ ವಾಕ್ಯ ಮಾಡುವ ಕೆಲಸ ಒಂದೇ: ಸಾವಿಗೆ ಕಾರಣ ಹುಡುಕುವ ಹೊಣೆಯಿಂದ ಎಲ್ಲರನ್ನೂ ಪಾರು ಮಾಡುವುದು. ಬಿಡುಗಡೆ ಆದದ್ದು ವೈದ್ಯರಿಗೆ, ಇಲಾಖೆಗೆ, ಓಣಿಗೆ. ನನಗೆ ಇದರ ಮೇಲೆ ಇಷ್ಟು ಸಿಟ್ಟು ಬರಲು ಸ್ವಂತ ಕಾರಣವೂ ಉಂಟು. ನನ್ನ ಅಕ್ಕನಿಗೆ ಈಗ 33 ವರ್ಷ. ಡೌನ್ ಸಿಂಡ್ರೋಮ್ ಇದೆ. ನಾಳೆ ನಮ್ಮ ಮನೆ ಮುಂದೆಯೂ ಯಾರೋ ಇದನ್ನೇ ಹೇಳುತ್ತಾರೆ ಎಂಬುದು ನನಗೆ ಗೊತ್ತು. ಅವರು ಅದಕ್ಕೆ ಈಗಲೇ ತಯಾರಾಗಿದ್ದಾರೆ ಎಂಬುದೂ ಗೊತ್ತು.

ಸತ್ತವರ ಕಾಗದ ಓದುವುದು ನನ್ನ ಕಸುಬು. ಪಿಎಚ್.ಡಿ.ಗೆ ನಾನು ಆರಿಸಿಕೊಂಡ ವಿಷಯ ಸಾವಿನ ನೋಂದಣಿ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ತುಂಬಬೇಕಾದ ಮರಣ ವರದಿಯ ನಮೂನೆ ನಿಜಕ್ಕೂ ಕುತೂಹಲದ ಕಾಗದ. ಸತ್ತವರು ಬೀಡಿ ಸಿಗರೇಟು ಸೇದುತ್ತಿದ್ದರೆ? ಎಷ್ಟು ವರ್ಷದಿಂದ? ತಂಬಾಕು ಜಗಿಯುತ್ತಿದ್ದರೆ? ಅಡಿಕೆ, ಪಾನ್ ಮಸಾಲಾ? ಕುಡಿಯುತ್ತಿದ್ದರೆ? ಹೆಣ್ಣಾಗಿದ್ದರೆ, ಬಸುರಿಯಿದ್ದಾಗ ಅಥವಾ ಹೆರಿಗೆಯ ನಂತರ ಸತ್ತಳೆ? ಧರ್ಮ ಯಾವುದು, ಉದ್ಯೋಗ ಯಾವುದು? ಇಷ್ಟೆಲ್ಲ ಕೇಳುವ ಆ ಹಾಳೆ, ಸತ್ತವರಿಗೆ ವೈಕಲ್ಯವಿತ್ತೇ ಎಂದು ಕೇಳುವುದಿಲ್ಲ. ಒಂದು ಸಾಲು ಅಷ್ಟೇ. ಆ ಸಾಲು ಇಲ್ಲದ್ದರಿಂದ ಬೌದ್ಧಿಕ ವೈಕಲ್ಯವಿರುವವರು ನಮ್ಮ ದೇಶದಲ್ಲಿ ಸರಾಸರಿ ಎಷ್ಟು ವರ್ಷ ಬದುಕುತ್ತಾರೆ, ಯಾವುದರಿಂದ ಸಾಯುತ್ತಾರೆ ಎಂಬ ಲೆಕ್ಕ ಸರ್ಕಾರದ ನೋಂದಣಿಯಿಂದ ಹೊರಬರುವುದು ಸಾಧ್ಯವೇ ಇಲ್ಲ. 2011ರ ಜನಗಣತಿ ಅವರನ್ನು ಬದುಕಿರುವಾಗ ಒಮ್ಮೆ ಎಣಿಸಿತು: ದೇಶದಲ್ಲಿ ಸುಮಾರು 15 ಲಕ್ಷ, ಕರ್ನಾಟಕದಲ್ಲಿ ಸುಮಾರು 94 ಸಾವಿರ. ಈ ಎಣಿಕೆಯೇ ಕಡಿಮೆ ಎನ್ನುವವರಿದ್ದಾರೆ, ಅದು ಬೇರೆ ಜಗಳ. ಎಣಿಸಿದ ಆ 94 ಸಾವಿರದಲ್ಲಿ ಈಗ ಎಷ್ಟು ಜನ ಉಳಿದಿದ್ದಾರೆ ಎಂದು ಕೇಳಿದರೆ ಉತ್ತರ ಕೊಡಬಲ್ಲ ಮೇಜು ಒಂದೂ ಇಲ್ಲ.

ಅಳೆಯುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. 1930ರ ದಶಕದಲ್ಲೇ ವಿ. ವಿ. ಕಾಮತರು ಫ್ರಾನ್ಸಿನ ಬಿನೆ ಬುದ್ಧಿಮಾಪನ ಪರೀಕ್ಷೆಯನ್ನು ನಮ್ಮ ಈ ಮುಂಬಯಿ ಕರ್ನಾಟಕ ಸೀಮೆಯ ಕನ್ನಡ, ಮರಾಠಿ ಮಕ್ಕಳಿಗೆ ಹೊಂದುವಂತೆ ಅಳವಡಿಸಿದರು. ಬಿನೆ-ಕಾಮತ್ ಪರೀಕ್ಷೆ ಇವತ್ತಿಗೂ ದೇಶದ ಎಷ್ಟೋ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಪ್ರಮಾಣಪತ್ರಕ್ಕೆ ಇನ್ನೊಂದು ಅಳತೆಗೋಲು ಇದೆ, ವೈನ್‌ಲ್ಯಾಂಡ್ ಮಾಪಕ: ಅಂಕ 36ರಿಂದ 54 ಬಂದರೆ ಶೇ. 75 ವೈಕಲ್ಯ, 55ರಿಂದ 69 ಬಂದರೆ ಶೇ. 50. ಶೇ. 40 ದಾಟಿದರೆ ಹಳದಿ ಪಟ್ಟಿಯ ಯುಡಿಐಡಿ ಕಾರ್ಡು, 80 ದಾಟಿದರೆ ನೀಲಿ. ಬುದ್ಧಿ ಎಷ್ಟು ಕಡಿಮೆ ಎಂದು ಶೇಕಡಾವಾರು ಹೇಳಬಲ್ಲ ವ್ಯವಸ್ಥೆಗೆ ಆಯುಷ್ಯ ಎಷ್ಟು ಕಡಿಮೆ ಎಂದು ಕೇಳಬೇಕು ಅನ್ನಿಸಿಯೇ ಇಲ್ಲ.

ಕೇಳಿದ ದೇಶಗಳಲ್ಲಿ ಏನು ಸಿಕ್ಕಿತು ನೋಡೋಣ. ಇಂಗ್ಲೆಂಡಿನಲ್ಲಿ ಮೆನ್‌ಕ್ಯಾಪ್ ಎಂಬ ಸಂಸ್ಥೆ 2007ರಲ್ಲಿ ಆರು ಜನರ ಸಾವಿನ ಕಥೆ ಪ್ರಕಟಿಸಿತು. ಆರೂ ಜನ ಬೌದ್ಧಿಕ ವೈಕಲ್ಯವಿದ್ದವರು, ಆರೂ ಸಾವು ಸರ್ಕಾರಿ ಆರೋಗ್ಯ ಸೇವೆಯ ಕೈಯಲ್ಲಿದ್ದಾಗ ಆದದ್ದು. ಅವರಲ್ಲಿ ಒಬ್ಬನಿಗೆ ಪಾರ್ಶ್ವವಾಯು ಹೊಡೆದು ನುಂಗಲು ಬರುತ್ತಿರಲಿಲ್ಲ; ಆಸ್ಪತ್ರೆಯ ಹಾಸಿಗೆಯ ಮೇಲೆಯೇ 26 ದಿನ ಅನ್ನವಿಲ್ಲದೆ ಇದ್ದ. ಗಲಾಟೆಯಾಯಿತು. ಗಲಾಟೆಯ ಫಲವಾಗಿ ಬ್ರಿಸ್ಟಲ್ ವಿಶ್ವವಿದ್ಯಾಲಯದವರು 247 ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 2013ರಲ್ಲಿ ವರದಿ ಕೊಟ್ಟರು. ಗಂಡಸರು ಉಳಿದವರಿಗಿಂತ 13 ವರ್ಷ ಮೊದಲು, ಹೆಂಗಸರು 20 ವರ್ಷ ಮೊದಲು ಸಾಯುತ್ತಿದ್ದರು. ಒಳ್ಳೆಯ ಚಿಕಿತ್ಸೆ ಸಿಕ್ಕಿದ್ದರೆ ತಪ್ಪಿಸಬಹುದಾಗಿದ್ದ ಸಾವುಗಳು ಇವರಲ್ಲಿ ಶೇ. 37, ಸಾಮಾನ್ಯರಲ್ಲಿ ಶೇ. 13. ಇದು ಎಲ್ಲರಿಗೂ ಬಿಟ್ಟಿ ಆಸ್ಪತ್ರೆ ಇರುವ ದೇಶದ ಲೆಕ್ಕ. ಮೂರು ಹಳ್ಳಿಗೆ ಒಬ್ಬ ಡಾಕ್ಟರೂ ಸಿಗದಲ್ಲಿ ಎಷ್ಟಿದ್ದೀತು?

"ಅವರ ಆಯಸ್ಸೇ ಅಷ್ಟು" ಎನ್ನುವವರಿಗೆ ಡೌನ್ ಸಿಂಡ್ರೋಮಿನ ಲೆಕ್ಕ ಒಂದೇ ಸಾಕು. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇದ್ದು ತೀರಿಕೊಂಡವರ ಮಧ್ಯಮ ವಯಸ್ಸು 25. 1997ಕ್ಕೆ ಅದು 49. ಹದಿನಾಲ್ಕು ವರ್ಷದಲ್ಲಿ 24 ವರ್ಷ ಹೆಚ್ಚಾಯಿತು. ಇಪ್ಪತ್ತೊಂದನೇ ಕ್ರೋಮೋಸೋಮು ಆ ಹದಿನಾಲ್ಕು ವರ್ಷದಲ್ಲಿ ಬದಲಾಗಲಿಲ್ಲ, ಮೊದಲು ಮೂರಿತ್ತು, ಆಮೇಲೂ ಮೂರೇ. ಬದಲಾದದ್ದು ವೈದ್ಯರ ಮನಸ್ಸು. ಡೌನ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಹುಟ್ಟುವಾಗಲೇ ಹೃದಯದ ದೋಷ ಇರುತ್ತದೆ. ಮೊದಲು "ಇಂಥ ಮಗುವಿಗೆ ಯಾಕೆ ಆಪರೇಶನ್" ಎನ್ನುತ್ತಿದ್ದರು, ಆಮೇಲೆ ಮಾಡತೊಡಗಿದರು. ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಕೂಡಿಹಾಕುವುದು ಕಡಿಮೆಯಾಗಿ ಮಕ್ಕಳು ಮನೆಯಲ್ಲಿ ಬೆಳೆದರು. ವಿಧಿ ಎಂದು ಕರೆದದ್ದರ ಬಹುಭಾಗ ಬರೀ ನಿರ್ಲಕ್ಷ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಾಗಾದರೆ ಇವರನ್ನು ಕೊಲ್ಲುವುದು ಏನು? ದೊಡ್ಡ ಹೆಸರಿನ ಕಾಯಿಲೆಗಳಿಗಿಂತ ಹೆಚ್ಚಾಗಿ, ಹೇಳಲೂ ನಾಚಿಕೆಯಾಗುವಂಥ ಸಣ್ಣ ಸಂಗತಿಗಳು. ನುಂಗುವಾಗ ಅನ್ನ ಅಡ್ಡದಾರಿ ಹಿಡಿದು ಶ್ವಾಸಕೋಶಕ್ಕೆ ಹೋಗುವುದು, ಅದರಿಂದ ನ್ಯುಮೋನಿಯಾ. ಹಿಡಿತಕ್ಕೆ ತರದೆ ಬಿಟ್ಟ ಮೂರ್ಛೆರೋಗ; ಇವರಲ್ಲಿ ಐವರಲ್ಲಿ ಒಬ್ಬರಿಗಾದರೂ ಅದು ಇರುತ್ತದೆ. ಗುರುತಿಸದ ಥೈರಾಯ್ಡು. ಮಲಬದ್ಧತೆ, ಹೌದು, ಮಲಬದ್ಧತೆ. 2012ರಲ್ಲಿ ಇಂಗ್ಲೆಂಡಿನ ರಿಚರ್ಡ್ ಹ್ಯಾಂಡ್ಲಿ ಎಂಬ, ಡೌನ್ ಸಿಂಡ್ರೋಮ್ ಇದ್ದ 33 ವರ್ಷದವನು ಸತ್ತದ್ದು ಅದರಿಂದಲೇ. ಅವನಿಗೆ ಆ ತೊಂದರೆ ಮೊದಲಿನಿಂದ ಇತ್ತು ಎಂಬುದು ಎಲ್ಲರಿಗೂ ಗೊತ್ತಿತ್ತು, ನೋಡಿಕೊಳ್ಳಬೇಕಾದವರು ನೋಡಲಿಲ್ಲ. ಹೊಟ್ಟೆ ಉಬ್ಬಿ ಎದೆ ಮುಟ್ಟುವವರೆಗೆ ಅವನು ಹೇಳಲಿಲ್ಲ, ಹೇಳಲು ಬರುವಂತಿದ್ದರೆ ಅವನಿಗೆ ನಾವು ಬೇರೆ ಹೆಸರು ಇಡುತ್ತಿದ್ದೆವು.

ನೋವು ಹೇಳಲು ಬಾರದವರ ನೋವು ನಡವಳಿಕೆಯಾಗಿ ಹೊರಬರುತ್ತದೆ. ಇಷ್ಟನ್ನು ತಿಳಿದಿರುವ ವೈದ್ಯರು ನಮ್ಮಲ್ಲಿ ಎಷ್ಟು ಮಂದಿ? ನಾಲ್ಕು ವರ್ಷದ ಹಿಂದೆ ಅಕ್ಕ ತನ್ನ ಬಲಗೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದಳು. ಊಟ ಬಿಟ್ಟಳು, ರಾತ್ರಿ ಕೂಗುತ್ತಿದ್ದಳು. ಒಂದು ಆಸ್ಪತ್ರೆಗೆ ಕರೆದೊಯ್ದೆವು. ಬಾಗಿಲಲ್ಲಿ ನಿಂತಿದ್ದ ಅವಳನ್ನು ಮೇಜಿನ ಆಚೆಯಿಂದಲೇ ನೋಡಿದ ವೈದ್ಯರು, "ಇಂಥವ್ರು ವಯಸ್ಸಾದಂಗ ಹಿಂಗ ಮಾಡ್ತಾರ" ಎಂದು ನಿದ್ದೆ ಬರುವ ಗುಳಿಗೆ ಬರೆದರು. ಹೊಡೆದುಕೊಳ್ಳುವುದು ನಿಲ್ಲಲಿಲ್ಲ, ಗುಳಿಗೆ ಎರಡಾಯಿತು. ಆರು ವಾರದ ನಂತರ ಇನ್ನೊಬ್ಬ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅವಳ ಮುಂದೆ ನೆಲದ ಮೇಲೆ ಕುಳಿತು ತಾನೇ ಬಾಯಿ ತೆರೆದು ತೋರಿಸಿ, ಅವಳಿಂದಲೂ ಬಾಯಿ ತೆರೆಸಿದಳು. ದವಡೆ ಹಲ್ಲಿನ ಬುಡದಲ್ಲಿ ಕೀವು. ಹಲ್ಲು ಕಿತ್ತ ಮೂರನೇ ದಿನ ಅಕ್ಕ ಎರಡು ರೊಟ್ಟಿ ತಿಂದಳು. ಆರು ವಾರ ಅವಳು ಅದನ್ನೇ ಹೇಳುತ್ತಿದ್ದಳು, ಕೈಯಿಂದ, ಅದೇ ಜಾಗ ತೋರಿಸಿ.

ಹೀಗೆ ಎಲ್ಲ ತೊಂದರೆಯನ್ನೂ ವೈಕಲ್ಯದ ತಲೆಗೆ ಕಟ್ಟಿ, ಅದರ ನೆರಳಿನಲ್ಲಿ ನಿಜವಾದ ಕಾಯಿಲೆಯನ್ನು ಕಾಣದೆ ಹೋಗುವುದಕ್ಕೆ 1982ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ರೈಸ್ ಮತ್ತು ಅವರ ಜೊತೆಗಾರರು ಒಂದು ಹೆಸರು ಕೊಟ್ಟರು. ಹೆಸರು ಸಿಕ್ಕಿ ನಲವತ್ತು ವರ್ಷ ಮೀರಿತು. ಆ ನೆರಳಿನಲ್ಲಿ ಗುಳಿಗೆಗಳು ಬೇರೆ ಬೆಳೆಯುತ್ತವೆ. ಗಲಾಟೆ ಮಾಡದಂತೆ ಕೊಟ್ಟ ಮಾತ್ರೆಯಿಂದ ತೂಕ ಏರುತ್ತದೆ, ಮಲ ಕಟ್ಟುತ್ತದೆ, ನುಂಗುವುದು ಕಷ್ಟವಾಗುತ್ತದೆ. ಅಂದರೆ ಯಾವುದರಿಂದ ಇವರು ಸಾಯುತ್ತಾರೋ ಅದನ್ನೇ ಚೀಟಿ ಬರೆದು ಕೊಡುತ್ತೇವೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಸುತ್ತಲಿನ ಎಷ್ಟೋ ಜಿಲ್ಲೆಗಳ ಕುಟುಂಬಗಳು ಅದನ್ನೇ ನಂಬಿವೆ. ಆದರೆ ಬೌದ್ಧಿಕ ವೈಕಲ್ಯ ಎಂದರೆ ಮನೋವೈದ್ಯರ ವಿಷಯ ಎಂದು ಉಳಿದ ವೈದ್ಯಲೋಕ ಕೈ ತೊಳೆದುಕೊಂಡದ್ದೇ ಇಲ್ಲಿನ ರೋಗ. ಹಲ್ಲು, ಹೊಟ್ಟೆ, ಹೃದಯ, ಥೈರಾಯ್ಡು ಮನೋರೋಗಗಳಲ್ಲ.

ನಮ್ಮ ನಡುವೆ ಹೆಸರಿಗೇನೂ ಬರವಿಲ್ಲ. ಮಂದಮತಿ ಹೋಗಿ ಬುದ್ಧಿಮಾಂದ್ಯ ಬಂತು, ಅದು ಹೋಗಿ ವಿಕಲಚೇತನ, ವಿಶೇಷಚೇತನ, ದಿವ್ಯಾಂಗ. ಇಷ್ಟು ಸಲ ಹೆಸರು ಬದಲಾದರೂ ಅಕ್ಕನ ರಕ್ತದೊತ್ತಡವನ್ನು ಕರೆಯದೆಯೇ ಬಂದು ನೋಡಿದವರು ಒಬ್ಬರೂ ಇಲ್ಲ. ಎಲ್ಲಕ್ಕಿಂತ ಅಪಾಯದ ಹೆಸರು 'ದೇವರ ಮಕ್ಕಳು'. ದೇವರ ಮಕ್ಕಳನ್ನು ದೇವರು ವಾಪಸು ಕರೆಸಿಕೊಂಡರೆ ಯಾರನ್ನು ಕೇಳುವುದು? ಈ ಪತ್ರಿಕೆಯನ್ನು ಓದುವವರು ಹೆಚ್ಚಾಗಿ ಸಾಹಿತ್ಯದ ಮಂದಿ, ಹಾಗಾಗಿ ಇದನ್ನೂ ಹೇಳುತ್ತೇನೆ. ನಾನು ಓದಿದ ಎಷ್ಟೋ ಕಥೆಗಳಲ್ಲಿ ಇಂಥ ಪಾತ್ರ ಬರುವುದು ಮುಗ್ಧತೆಯ ಗುರುತಾಗಿ. ಊರಿನ ಕ್ರೌರ್ಯ ಬಯಲಿಗೆ ಬರಬೇಕಾದಾಗ ಅವನು ಕೆರೆಗೆ ಬೀಳುತ್ತಾನೆ, ಕಥೆ ಮುಗಿಯುತ್ತದೆ. ಅವನು ಐವತ್ತು ದಾಟಿ, ಸಕ್ಕರೆ ಕಾಯಿಲೆ ಹಚ್ಚಿಕೊಂಡು, ಕೆಲಗೇರಿ ಕೆರೆ ದಂಡೆಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವ ಕಥೆ ನನಗಿನ್ನೂ ಸಿಕ್ಕಿಲ್ಲ. ವಿಶ್ವವಿದ್ಯಾಲಯದವರಾದ ನಾವೂ ಕಡಿಮೆಯಿಲ್ಲ. ಈ ವಿಷಯದ ಮೇಲೆ ನಾನು ತಿರುವಿಹಾಕಿದ ಪ್ರಬಂಧಗಳಲ್ಲಿ ತಂದೆತಾಯಿಯ ಒತ್ತಡ, ಶಿಕ್ಷಕರ ಮನೋಭಾವ ಮತ್ತೆ ಮತ್ತೆ ಬರುತ್ತವೆ. ಅವರಿಂದ ಉಳಿದವರಿಗೆ ಎಷ್ಟು ಭಾರವಾಯಿತು ಎಂಬುದೇ ಪ್ರಶ್ನೆ. ಅವರಿಗೆ ಏನಾಯಿತು ಎಂಬುದಲ್ಲ.

ವೈದ್ಯಶಾಸ್ತ್ರಕ್ಕೆ ಇವರ ದೇಹ ಗೊತ್ತೇ ಇಲ್ಲ ಎಂದೂ ಅಲ್ಲ. 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಹೆಣ್ಣುಮಕ್ಕಳನ್ನು ಸಸೂನ್ ಆಸ್ಪತ್ರೆಗೆ ತಂದು ಗರ್ಭಕೋಶ ತೆಗೆಯಲಾಯಿತು. ಮುಟ್ಟಿನ ದಿನಗಳಲ್ಲಿ ಶುಚಿ ಕಾಯುವುದು ಕಷ್ಟ ಎಂಬುದು ಕಾರಣ. ದೇಶದ ತುಂಬ ಪ್ರತಿಭಟನೆ ಆಯಿತು. ನೋಡಿಕೊಳ್ಳುವವರ ಅನುಕೂಲಕ್ಕೆ ಆಪರೇಶನ್ ಥಿಯೇಟರು, ತಜ್ಞರು ಎಲ್ಲ ಒದಗಿದವು. ಹಲ್ಲು ನೋವಿಗೆ ಒದಗುವುದಿಲ್ಲ. ಮೊನ್ನೆ ಮೊನ್ನೆ, 2024ರ ಜುಲೈಯಲ್ಲಿ, ದೆಹಲಿ ಸರ್ಕಾರದ ಆಶಾ ಕಿರಣ್ ಆಶ್ರಯ ಮನೆಯಲ್ಲಿ ಒಂದೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ತನಿಖೆ, ಹೈಕೋರ್ಟು, ಎರಡು ವಾರ ಟೀವಿ. ಒಂದೇ ಸೂರಿನಡಿ ಒಟ್ಟಾಗಿ ಸತ್ತದ್ದರಿಂದ ಅಷ್ಟಾದರೂ ಆಯಿತು. ಒಬ್ಬೊಬ್ಬರಾಗಿ, ಓಣಿಗೊಬ್ಬರಂತೆ ಸಾಯುವವರಿಗೆ ಅದೂ ಇಲ್ಲ.

ಕಾನೂನು ಇಲ್ಲವೇ? ಇದೆ, ಚೆನ್ನಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಕಲಮು ಮನೆಯ ಹತ್ತಿರದಲ್ಲೇ, ಅದರಲ್ಲೂ ಹಳ್ಳಿಗಳಲ್ಲಿ, ಉಚಿತ ಚಿಕಿತ್ಸೆ ಮತ್ತು ಆಸ್ಪತ್ರೆಯಲ್ಲಿ ಆದ್ಯತೆ ಕೊಡಬೇಕೆನ್ನುತ್ತದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನಿರಾಮಯ ಎಂಬ ಒಂದು ಲಕ್ಷ ರೂಪಾಯಿಯ ವಿಮೆ ಇದೆ. ನಮ್ಮ ಓಣಿಯ ಸುತ್ತಮುತ್ತ ನಾನು ವಿಚಾರಿಸಿದ ಏಳು ಮನೆಗಳಲ್ಲಿ ಅದರ ಹೆಸರು ಕೇಳಿದ್ದವರು ಒಬ್ಬರು. ಮಕ್ಕಳಿಗೆ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಶಾಲೆ ಅಂಗನವಾಡಿಗಳಿಗೆ ಡಾಕ್ಟರು ಬರುತ್ತಾರೆ. ಅದು 18ಕ್ಕೆ ನಿಲ್ಲುತ್ತದೆ. ಬಿಪಿ, ಶುಗರ್ ತಪಾಸಣೆಯ ಸರ್ಕಾರಿ ಕಾರ್ಯಕ್ರಮ ಶುರುವಾಗುವುದು 30ಕ್ಕೆ. ನಡುವಿನ ಹನ್ನೆರಡು ವರ್ಷ ಯಾರ ಪಟ್ಟಿಯಲ್ಲೂ ಇಲ್ಲ. ಶಾಲೆ ಮುಗಿದು, ಮನೆಯೊಳಗೆ ಟೀವಿ ಮುಂದೆ ಕುಳಿತು, ಮಾತ್ರೆ ನುಂಗಿ ದಪ್ಪಗಾಗುವ ವರ್ಷಗಳು ಅವೇ. ಕೇಂದ್ರದ ಅಂಗವಿಕಲ ಪಿಂಚಣಿಯಲ್ಲಿ ದೆಹಲಿಯ ಪಾಲು ತಿಂಗಳಿಗೆ 300 ರೂಪಾಯಿ, ಅದೂ ಶೇ. 80ರ ಮೇಲಿನ ವೈಕಲ್ಯಕ್ಕೆ. ಅದರ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ.

ಇನ್ನು ತಾಯಂದಿರ ಮಾತು. ಸಂಶೋಧನೆಗೆ ಹೋದ ಮನೆಗಳಲ್ಲಿ, ಚಹಾ ಕುಡಿದು ಏಳುವ ಹೊತ್ತಿಗೆ, ತಾಯಿ ತಗ್ಗಿದ ದನಿಯಲ್ಲಿ ಒಂದು ಮಾತು ಹೇಳುತ್ತಾಳೆ. "ನನಗಿಂತ ಒಂದ ದಿನ ಮೊದಲ ಹೋಗ್ಲಿ ಅಂತ ಬೇಡ್ಕೋತೀನ್ರಿ." ನಮ್ಮ ಅವ್ವನೂ ಇದನ್ನು ಹೇಳಿದ್ದಾಳೆ, ಉಳವಿಗೆ ಹೋದಾಗ, ಅಕ್ಕನ ಕೈ ಹಿಡಿದುಕೊಂಡೇ. 'ಬಿಡುಗಡಿ ಆತು' ಎನ್ನುವವರು ಇದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ: ಹೆತ್ತವಳೇ ಬೇಡುವಾಗ ನಾವೇನು ಹೇಳುವುದು? ಆ ಬೇಡಿಕೆಯನ್ನು ಸರಿಯಾಗಿ ಕೇಳಿಸಿಕೊಳ್ಳಿ. ಅದರಲ್ಲಿ ಮಗಳ ಸಾವಿನ ಆಸೆ ಎಲ್ಲಿದೆ? ತನ್ನ ನಂತರ ಅನ್ನ ಹಾಕುವವರು, ಹಲ್ಲು ನೋಡುವವರು ಯಾರೂ ಇಲ್ಲ ಎಂಬ ಖಚಿತ ತಿಳಿವಳಿಕೆ ಇದೆ. ಅವಳು ಸರ್ಕಾರದ ಮೇಲೆ, ನೆಂಟರ ಮೇಲೆ, ನನ್ನ ಮೇಲೆ ಇಟ್ಟಿರುವ ಅವಿಶ್ವಾಸವದು. ಅವ್ವನಿಗೆ ಈಗ 61. ಅವಳು ನೂರು ವರ್ಷ ಇರಲಿ, ಅಕ್ಕ ಅವಳಿಗಿಂತ ಇಪ್ಪತ್ತು ವರ್ಷ ಹೆಚ್ಚೇ ಇರಲಿ ಎಂಬುದು ನನ್ನ ಹರಕೆ. ಅಕ್ಕನ ಹೊಣೆ ನನ್ನದು, ಅದನ್ನು ಬರೆದುಕೊಟ್ಟಿದ್ದೇನೆ.

ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ ನೆಲದಲ್ಲೇ ಉದಾಹರಣೆ ಇದೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆಯ ವಾಣೀನಗರದಲ್ಲಿ ಕ್ಲಿನಿಕ್ ಇಟ್ಟಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಮನೆ ಮನೆಯಲ್ಲಿ ಬುದ್ಧಿ ಬೆಳೆಯದ ಮಕ್ಕಳು, ಮೂರ್ಛೆರೋಗ, ಅಕಾಲ ಸಾವು ಯಾಕಿಷ್ಟು ಎಂದು ಬರೆದಿಡತೊಡಗಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ವಿಷವನ್ನು ನಿಷೇಧಿಸಿತು, 2017ರಲ್ಲಿ ಪೀಡಿತರಿಗೆ ತಲಾ ಐದು ಲಕ್ಷ ಕೊಡಲು ಹೇಳಿತು. ಅಲ್ಲಿಯವರೆಗೆ ಆ ಸಾವುಗಳಿಗೂ ಊರಲ್ಲಿ ಜಟಾಧಾರಿ ಭೂತದ ಶಾಪವೋ, ಹಣೆಬರಹವೋ ಏನೋ ಒಂದು ಕಾರಣ ಸಿದ್ಧವಿತ್ತು. ಒಬ್ಬ ಹಳ್ಳಿಯ ಡಾಕ್ಟರು ನೋಟುಬುಕ್ಕು ತೆರೆದದ್ದರಿಂದ ಶಾಪಕ್ಕೆ ರಾಸಾಯನಿಕದ ಹೆಸರು ಬಂತು.

"ಇದ್ದವರಿಗೇ ಹಾಸಿಗೆ ಇಲ್ಲ, ಇನ್ನು ಇವರಿಗೆಲ್ಲಿ?" ಎಂಬ ಮಾತು ಈಗಾಗಲೇ ಕೇಳಿಸುತ್ತಿದೆ. ಇವರೂ ಇದ್ದವರೇ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ಸತ್ತಾಗ ಸರ್ಕಾರ ಹಾಸಿಗೆ ಇಲ್ಲ ಎನ್ನಲಿಲ್ಲ. ನರಕ್ಕೆ ಏರಿಸಿದ ದ್ರಾವಣ ಯಾವುದು, ಕಂಪನಿ ಯಾವುದು ಎಂದು ಹುಡುಕಿತು, ಅಧಿಕಾರಿ ಅಮಾನತಾದರು, ರಾಜ್ಯದ ತಾಯಂದಿರ ಸಾವುಗಳ ಪರಿಶೋಧನೆಗೆ ಆದೇಶವಾಯಿತು. ತಾಯಿ ಸತ್ತರೆ ಯಾಕೆ ಎಂದು ಕೇಳುವ ಪದ್ಧತಿ ನಮ್ಮಲ್ಲಿ ಹದಿನೈದು ವರ್ಷದಿಂದ ಇದೆ, ಅದಕ್ಕೆ ನಮೂನೆ ಇದೆ, ಸಮಿತಿ ಇದೆ. ನಾನು ಕೇಳುತ್ತಿರುವುದು ಅದನ್ನೇ ಇವರಿಗೂ ಹಿಗ್ಗಿಸಿ ಎಂದು. ಮರಣ ವರದಿಯಲ್ಲಿ ಪಾನ್ ಮಸಾಲಾದ ಕೆಳಗೆ ಇನ್ನೊಂದು ಸಾಲು. ವರ್ಷಕ್ಕೊಮ್ಮೆ ತಪಾಸಣೆ, ಇಂಗ್ಲೆಂಡಿನಲ್ಲಿ 14 ದಾಟಿದವರಿಗೆಲ್ಲ ಮಾಡುವ ಹಾಗೆ: ತೂಕ, ಬಿಪಿ, ಥೈರಾಯ್ಡು, ಕಿವಿ, ಕಣ್ಣು, ಹಲ್ಲು, ಹೊಟ್ಟೆ, ಮತ್ತು ನುಂಗುತ್ತಿರುವ ಗುಳಿಗೆ ಇನ್ನೂ ಬೇಕೇ ಎಂಬ ಪ್ರಶ್ನೆ. ಇದಕ್ಕೆ ಹೊಸ ಕಟ್ಟಡ ಬೇಡ. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಬಳಿ, ಪೇಟೆಯಲ್ಲಾದರೆ ನಗರ ಪುನರ್ವಸತಿ ಕಾರ್ಯಕರ್ತರ ಬಳಿ ಇರಲೇಬೇಕು, ಪಿಂಚಣಿಗೆ ಅರ್ಜಿ ಬರೆಸುವವರು ಅವರೇ.

ತಾಯಂದಿರ ಸಾವಿನ ಪರಿಶೀಲನೆ ಜಿಲ್ಲಾಧಿಕಾರಿಗಳ ಮುಂದೆ ಬರುತ್ತದೆ. ನ್ಯಾಷನಲ್ ಟ್ರಸ್ಟಿನ ಸ್ಥಳೀಯ ಸಮಿತಿಗೂ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಎರಡೂ ಫೈಲು ಒಂದೇ ಮೇಜಿನ ಮೇಲಿವೆ. ಮೊದಲ ವರ್ಷ ಧಾರವಾಡ ತಾಲ್ಲೂಕು ಒಂದರಲ್ಲೇ, ಯುಡಿಐಡಿ ಕಾರ್ಡು ಇದ್ದು 60ರ ಒಳಗೆ ತೀರಿಕೊಂಡವರ ಸಾವುಗಳನ್ನಾದರೂ ಸಮಿತಿ ಕುಳಿತು ಒಂದೊಂದಾಗಿ ನೋಡಲಿ. ನೋಂದಣಿ ಕಚೇರಿಯ ಹಾಳೆ ತಿರುವಿ ಪಟ್ಟಿ ಮಾಡಿಕೊಡುವ ಕೆಲಸಕ್ಕೆ ನಾನಿದ್ದೇನೆ, ಸಂಬಳ ಬೇಡ.